ಬಿಳುಪಿನ ಚರಿತ್ರೆ

ಹೋದ ವರ್ಷ ಯುಗಾದಿಗೆ ಊರಿಗೆ ಹೋಗಿದ್ದಾಗ ಚಿಕ್ಕಮ್ಮ ನನ್ನನ್ನು ಹಿತ್ತಲಿಗೆ ಕರೆದರು. ಬಟ್ಟೆ ಒಣಹಾಕುವ ನೆಪ. ಸುತ್ತ ಯಾರೂ ಇಲ್ಲವೆಂದು ಎರಡು ಸಲ ನೋಡಿಕೊಂಡು, "ನೀನು ಡಾಕ್ಟರ್ ಓದ್ತಿದ್ದೀಯಲ್ಲ, ಒಂದು ಮಾತು ಕೇಳ್ಲಾ?" ಅಂದರು. ನಾನು ಓದುತ್ತಿರುವುದು ಆ ಡಾಕ್ಟರ್ ಅಲ್ಲ, ಇತಿಹಾಸದಲ್ಲಿ ಪಿಎಚ್.ಡಿ. ಎಂದು ಮನೆಯಲ್ಲಿ ಹಲವು ಸಲ ಹೇಳಿದ್ದೇನೆ. ಸಂಶೋಧನೆಯ ವಿಷಯ ರೋಗಗಳ ಚರಿತ್ರೆ ಎಂದಮೇಲೆ ಅವರಿಗೆ ಎರಡೂ ಒಂದೇ.

ಎರಡು ವರ್ಷದಿಂದ ಬಿಳುಪು ಹೋಗುತ್ತಿದೆ, ತುರಿಕೆ, ಉರಿ. ಉಷ್ಣ ಆಗಿದೆ ಅಂದುಕೊಂಡು ಉಪ್ಪಿನಕಾಯಿ, ಹಲಸಿನ ಹಣ್ಣು, ಕೋಳಿ ಸಾರು ಎಲ್ಲ ಬಿಟ್ಟರಂತೆ. ಎಳನೀರು, ಬಾರ್ಲಿ ನೀರು, ಕಾಮಕಸ್ತೂರಿ ಬೀಜ ಎಲ್ಲ ಆಯಿತು. ಆಮೇಲೆ ಮೆಡಿಕಲ್ ಶಾಪಿನ ಹುಡುಗನಿಗೆ ಎಲ್ಲಿ ಎಂದು ಹೇಳಲಾಗದೆ "ತುರಿಕೆಗೆ ಏನಾದ್ರೂ ಕೊಡಪ್ಪ" ಎಂದು ಒಂದು ಮುಲಾಮು ತಂದರು. ಹಚ್ಚಿದರೆ ನಾಲ್ಕು ದಿನ ಸುಮ್ಮನಿರುತ್ತದೆ, ಐದನೇ ದಿನ ಮತ್ತೆ ಶುರು. ಇಷ್ಟನ್ನೂ ಹೇಳಿ ಕೊನೆಗೆ, ದನಿ ಇನ್ನೂ ತಗ್ಗಿಸಿ ಕೇಳಿದರು: "ಇದು ಯಾರಿಂದ ಬಂತೇ?"

ಯಾಕೆ ಬಂತು ಎಂದಲ್ಲ, ಯಾರಿಂದ ಬಂತು ಎಂದು. ಆ ಪ್ರಶ್ನೆಯೊಳಗೆ ಚಿಕ್ಕಪ್ಪನ ಮೇಲಿನ ಒಂದು ಅನುಮಾನವಿತ್ತು. ಚಿಕ್ಕಪ್ಪನಿಗೂ ತಮ್ಮ ಮೇಲೆ ಅಂಥದ್ದೇ ಅನುಮಾನ ಇರಬಹುದೆಂಬ ಭಯವೂ ಇತ್ತು. ಎರಡು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಇದನ್ನು ಆಡದೆ ಬದುಕಿದ್ದರು. ಡಾಕ್ಟರ ಹತ್ತಿರ ಹೋಗೋಣ ಎಂದಷ್ಟೇ ನಾನು ಹೇಳಿದೆ. ಆದರೆ ಆ 'ಯಾರಿಂದ' ಎನ್ನುವುದು ನನ್ನ ಜತೆ ಹಾಸ್ಟೆಲಿಗೂ ಬಂತು. ಹಳೆಯ ವೈದ್ಯಕೀಯ ಬರಹಗಳನ್ನು ಹುಡುಕುತ್ತ ಹೋದಂತೆ, ಈ ರೋಗದ ಬಗ್ಗೆ ಚಿಕ್ಕಮ್ಮನ ಪ್ರಶ್ನೆಯನ್ನೇ ಯೂರೋಪಿನ ದೊಡ್ಡ ದೊಡ್ಡ ವೈದ್ಯರೂ ಬಹಳ ಕಾಲ ಕೇಳಿದ್ದರು ಎಂದು ತಿಳಿಯಿತು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಅಂದಿದ್ದಾರೆ.

ನಾವು ಯೀಸ್ಟ್ ಸೋಂಕು ಎಂದು ಕರೆಯುವುದಕ್ಕೆ ಬಹುಪಾಲು ಕಾರಣವಾಗುವುದು ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಒಂದು ಶಿಲೀಂಧ್ರ. ಬ್ರೆಡ್ ಉಬ್ಬಿಸುವ ಯೀಸ್ಟ್ ಇದರ ದೂರದ ನೆಂಟ, ಆದರೆ ಬೇರೆ ಜೀವಿ. ಬನ್ನು ತಿಂದದ್ದರಿಂದ, ಹುಳಿ ಬಂದ ದೋಸೆ ಹಿಟ್ಟಿನಿಂದ ಇದು ಬರುವುದಿಲ್ಲ. ಕೂಸುಗಳ ನಾಲಿಗೆಯ ಮೇಲೆ ಒಡೆದ ಹಾಲಿನಂತೆ ಕೂರುವ ಬಿಳಿ ಪದರವೂ ಇದೇ, ಹೆಂಗಸರಿಗೆ ಮೊಸರಿನ ಗರಣೆಯಂತೆ ಬಿಳುಪು ಹೋಗಿ ತುರಿಸುವುದೂ ಇದೇ. ಈ ಎರಡೂ ಒಂದೇ ಎಂದು ತಿಳಿಯುವುದಕ್ಕೇ ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಹಿಪ್ಪೊಕ್ರಾಟಿಸ್ ಹೆಸರಿನಲ್ಲಿರುವ ಗ್ರೀಕ್ ವೈದ್ಯಗ್ರಂಥಗಳಲ್ಲಿ ಬಾಯೊಳಗಿನ ಈ ಬಿಳಿ ಹುಣ್ಣುಗಳ ಪ್ರಸ್ತಾಪವಿದೆ. ಬೇರೆ ಕಾಯಿಲೆಗಳಿಂದ ಬಸವಳಿದ ರೋಗಿಗಳಲ್ಲಿ ಅವು ಕಂಡವು ಎಂದು ಅಲ್ಲಿ ಬರೆದಿದೆ. ರೋಮಿನ ಗೇಲನ್ ಇದನ್ನು ಸೊರಗಿದ ಮಕ್ಕಳಲ್ಲಿ ನೋಡಿದ. ಸೂಕ್ಷ್ಮಜೀವಿ ಎನ್ನುವ ಕಲ್ಪನೆಯೇ ಅವರಿಗಿರಲಿಲ್ಲ, ಹಾಗಾಗಿ 'ಎಲ್ಲಿಂದ ಬಂತು' ಎಂಬುದಕ್ಕೆ ಉತ್ತರವೂ ಇರಲಿಲ್ಲ. ಆದರೆ ಯಾವ ಮೈಯಲ್ಲಿ ಬರುತ್ತದೆ ಎಂಬುದನ್ನು ಅವರು ಸರಿಯಾಗಿಯೇ ಗಮನಿಸಿದ್ದರು. ಬೇಸಾಯದ ಮಾತಿನಲ್ಲಿ ಹೇಳುವುದಾದರೆ ಅವರಿಗೆ ನೆಲ ಕಂಡಿತ್ತು, ಬೀಜ ಕಂಡಿರಲಿಲ್ಲ.

ಬೀಜ ಕಂಡದ್ದು ಸೂಕ್ಷ್ಮದರ್ಶಕ ಬಂದಮೇಲೆ. 1839ರಲ್ಲಿ ಬರ್ನ್‌ಹಾರ್ಡ್ ಫಾನ್ ಲಾಂಗೆನ್‌ಬೆಕ್ ಎಂಬ ಜರ್ಮನ್ ವೈದ್ಯ, ಆಗ ಟೈಫಸ್ ಎಂದು ಕರೆಯುತ್ತಿದ್ದ ಜ್ವರದಿಂದ ಸತ್ತ ಒಬ್ಬ ರೋಗಿಯ ಅನ್ನನಾಳದಲ್ಲಿ ಬಿಳಿ ಪದರವನ್ನೂ ಅದರೊಳಗೆ ಎಳೆಎಳೆಯಾದ ಶಿಲೀಂಧ್ರವನ್ನೂ ಕಂಡ. ಆದರೆ ಅವನು ಅದನ್ನು ಓದಿದ್ದು ತಲೆಕೆಳಗಾಗಿ. ಆ ಜ್ವರಕ್ಕೆ ಈ ಶಿಲೀಂಧ್ರವೇ ಕಾರಣ ಎಂದು ಅವನು ತಿಳಿದ. ಜ್ವರದಿಂದ ಮೈ ಕುಸಿದದ್ದರಿಂದ ಶಿಲೀಂಧ್ರ ಬೆಳೆಯಿತು ಎಂಬುದು ಅವನಿಗೆ ಹೊಳೆಯಲಿಲ್ಲ. ಪಾಳುಬಿದ್ದ ಮನೆಯಲ್ಲಿ ಹುತ್ತ ಕಂಡು, ಮನೆ ಬಿದ್ದದ್ದೇ ಹುತ್ತದಿಂದ ಎಂದಂತೆ.

ಮುಂದಿನ ಕೆಲವೇ ವರ್ಷಗಳಲ್ಲಿ ಇನ್ನಿಬ್ಬರು ಇದನ್ನು ಸರಿಪಡಿಸಿದರು. ಪ್ಯಾರಿಸ್ಸಿನಲ್ಲಿ ಹಂಗೇರಿ ಮೂಲದ ಯಹೂದಿ ವೈದ್ಯ ಡೇವಿಡ್ ಗ್ರೂಬಿ 1842ರಲ್ಲಿ ಮಕ್ಕಳ ಬಾಯಿಯ ಬಿಳಿ ಪದರವೆಂದರೆ ಶಿಲೀಂಧ್ರದ ಬೆಳೆಯೇ ಎಂದು ವಿವರಿಸಿದ. ಸ್ಟಾಕ್‌ಹೋಮಿನಲ್ಲಿ ಫ್ರೆಡ್ರಿಕ್ ಥಿಯೊಡೋರ್ ಬೆರ್ಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅವನು ಅನಾಥ ಕೂಸುಗಳ ಆಶ್ರಯಧಾಮದಲ್ಲಿ ವೈದ್ಯ. ರೋಗವಿದ್ದ ಕೂಸಿನ ಬಾಯಿಂದ ಬಿಳಿ ಪದರವನ್ನು ತೆಗೆದು ಆರೋಗ್ಯವಂತ ಕೂಸುಗಳ ಬಾಯಿಗೆ ಸವರಿದ. ಅವಕ್ಕೂ ರೋಗ ಬಂತು. ಒಂದೇ ಹಾಲಿನ ಬಾಟಲಿಯನ್ನು ಹಲವು ಕೂಸುಗಳ ಬಾಯಿಗಿಡುವ ರೂಢಿಯಿಂದ ಇದು ಹರಡುತ್ತದೆ ಎಂದು ಅವನು ಹೇಳಿದ. 1846ರಲ್ಲಿ ಅವನ ಪುಸ್ತಕ ಬಂತು.

ಸೂಕ್ಷ್ಮಜೀವಿಯಿಂದ ರೋಗ ಎಂಬ ವಾದ ಗಟ್ಟಿಯಾಗುವುದಕ್ಕೆ, ಪಾಶ್ಚರ್ ಮತ್ತು ಕಾಖ್‌ರ ಹೆಸರು ಕೇಳಿಬರುವುದಕ್ಕೆ ಇನ್ನೂ ದಶಕಗಳಿದ್ದವು. ಆ ದೃಷ್ಟಿಯಿಂದ ಬೆರ್ಗ್‌ನ ಕೆಲಸ ದೊಡ್ಡದು. ಆದರೆ ಅದನ್ನು ಓದುವಾಗ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಅವನಿಗೆ ಪ್ರಯೋಗಕ್ಕೆ ಸಿಕ್ಕವು ಯಾರೂ ಕೇಳುವವರಿಲ್ಲದ ಕೂಸುಗಳು. ಬಡತನಕ್ಕೋ ಅಪವಾದಕ್ಕೋ ಹೆದರಿದ ತಾಯಂದಿರು ಬಿಟ್ಟುಹೋದ ಮಕ್ಕಳು ಇಂಥ ಆಶ್ರಯಧಾಮಗಳಲ್ಲಿ ತುಂಬಿರುತ್ತಿದ್ದರು. ರೋಗ ಎಲ್ಲಿಂದ ಬಂತು ಎಂದು ತಿಳಿಯಲು ರೋಗವನ್ನು ಕೊಟ್ಟೇ ನೋಡಿದ್ದು ಅಂಥವರಿಗೆ.

ಇನ್ನು ಹೆಂಗಸರ ವಿಷಯ. 1849ರಲ್ಲಿ ಲಂಡನ್ನಿನ ವೈದ್ಯ ವಿಲ್ಕಿನ್‌ಸನ್ ಯೋನಿಯ ಸ್ರಾವದಲ್ಲಿ ಇಂಥದ್ದೇ ಶಿಲೀಂಧ್ರ ಕಂಡದ್ದನ್ನು ಬರೆದ. 1875ರ ಹೊತ್ತಿಗೆ ಜರ್ಮನಿಯ ಹೌಸ್‌ಮನ್, ಕೂಸಿನ ಬಾಯಲ್ಲಿರುವುದೂ ತಾಯಿಯಲ್ಲಿರುವುದೂ ಒಂದೇ ಜೀವಿ, ಹೆರಿಗೆಯ ದಾರಿಯಲ್ಲೇ ಅದು ಕೂಸಿಗೆ ಬರಬಹುದು ಎಂದು ತೋರಿಸಿದ. ಅದು ನಿಜವೇ. ಆದರೆ ಚಿಕ್ಕಮ್ಮನ ಪ್ರಶ್ನೆಯನ್ನು ಕಿವಿಯಲ್ಲಿಟ್ಟುಕೊಂಡು ಓದಿದರೆ ಬೇರೆಯದೂ ಕಾಣುತ್ತದೆ. ಯಾರಿಂದ ಎಂಬ ಹುಡುಕಾಟ ಮೊದಲು ಹೋಗಿ ನಿಂತದ್ದು ಆಶ್ರಯಧಾಮದ ಬಾಟಲಿಯ ಮುಂದೆ, ಆಮೇಲೆ ತಾಯಿಯ ಮುಂದೆ. ತಾಯಿಗೆ ಯಾಕೆ ಬಂತು ಎಂಬುದು ಹಾಗೆಯೇ ಉಳಿಯಿತು.

ಈ ನಡುವೆ ಜೀವಿಗೆ ಹೆಸರಿಡುವ ಗದ್ದಲ. 1853ರಲ್ಲಿ ಫ್ರಾನ್ಸಿನ ಶಾರ್ಲ್ ರೊಬಿನ್ 'ಓಯಿಡಿಯಂ ಆಲ್ಬಿಕಾನ್ಸ್' ಎಂದ. 1890ರಲ್ಲಿ ತ್ಸೋಪ್ಫ್ ಅದನ್ನು 'ಮೊನಿಲಿಯಾ' ಎಂಬ ಕುಲಕ್ಕೆ ಸೇರಿಸಿದ. ಆದರೆ ಮೊನಿಲಿಯಾ ಎಂದರೆ ಹಣ್ಣು, ಎಲೆಗಳ ಮೇಲೆ ಬೆಳೆಯುವ ಬೂಷ್ಟುಗಳ ಕುಲ. ಒಂದೇ ಜೀವಿಗೆ ಬೇರೆ ಬೇರೆಯವರು ಇಟ್ಟ ಹೆಸರುಗಳು ಕೊನೆಗೆ ನೂರು ದಾಟಿದವು. ಈ ಗೋಜಲನ್ನು ಬಿಡಿಸಿದ್ದು 1923ರಲ್ಲಿ ಹಾಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಒಂದು ಪಿಎಚ್.ಡಿ. ಪ್ರಬಂಧ. ಬರೆದವಳು ಕ್ರಿಸ್ಟಿನ್ ಬೆರ್ಕ್‌ಹೌಟ್. ಅವಳ ಮಾರ್ಗದರ್ಶಕಿ ಯೊಹಾನ್ನಾ ವೆಸ್ಟರ್‌ಡೈಕ್, ಆ ದೇಶದ ಮೊದಲ ಮಹಿಳಾ ಪ್ರೊಫೆಸರ್. ಎಲೆಯ ಬೂಷ್ಟನ್ನೂ ಮನುಷ್ಯರ ಮೈಯ ಈ ಯೀಸ್ಟನ್ನೂ ಬೇರೆ ಮಾಡಿ, ಇದಕ್ಕೆ 'ಕ್ಯಾಂಡಿಡಾ' ಎಂಬ ಹೊಸ ಕುಲದ ಹೆಸರು ಕೊಟ್ಟಳು. ಲ್ಯಾಟಿನ್ನಿನಲ್ಲಿ ಕ್ಯಾಂಡಿಡಾ ಎಂದರೆ ಬಿಳಿ. ಹಳೆಯ ರೋಮಿನಲ್ಲಿ ಪದವಿಗೆ ಸ್ಪರ್ಧಿಸುವವರು ಉಡುತ್ತಿದ್ದ ಬಿಳಿ ನಿಲುವಂಗಿಯ ಹೆಸರಿನಲ್ಲೂ ಇದೇ ಪದವಿದೆ, 'ಕ್ಯಾಂಡಿಡೇಟ್' ಬಂದದ್ದೂ ಅಲ್ಲಿಂದ. ಆಲ್ಬಿಕಾನ್ಸ್ ಎಂದರೂ ಬೆಳ್ಳಗಾಗುವುದು. ಬಿಳಿಯ ಮೇಲೆ ಬಿಳಿ. ನಮ್ಮ ಹೆಂಗಸರು 'ಬಿಳುಪು', 'ಬಿಳಿ ಸೆರಗು' ಎನ್ನುವಾಗ ಅವರಿಗೆ ಗೊತ್ತಿಲ್ಲದೆಯೇ ಈ ಲ್ಯಾಟಿನ್ ಹೆಸರಿನ ಪಕ್ಕದಲ್ಲೇ ಇದ್ದಾರೆ.

ನೂರು ವರ್ಷದ ಹಿಂದೆ ನನ್ನ ಹಾಗೆಯೇ ಅಧ್ಯಾಯಗಳನ್ನು ತಿದ್ದುತ್ತ ಕೂತಿದ್ದ ಒಬ್ಬ ಹುಡುಗಿ ಇಟ್ಟ ಹೆಸರು ಇಂದಿಗೂ ಪ್ರತಿ ಲ್ಯಾಬಿನ ರಿಪೋರ್ಟಿನಲ್ಲಿ ಬರುತ್ತದೆ ಎಂಬುದು, ಮಾರ್ಗದರ್ಶಕರ ಕೆಂಪು ಗುರುತುಗಳ ನಡುವೆ ನನಗೆ ಕೊಂಚ ಧೈರ್ಯ ಕೊಟ್ಟ ಸಂಗತಿ.

ಹೆಸರು ಸಿಕ್ಕರೂ ಒಂದು ತೊಡಕು ಉಳಿದೇ ಇತ್ತು. ಕಾಲರಾ ರೋಗಾಣುವನ್ನು ಹುಡುಕುವಂತೆ ಈ ಯೀಸ್ಟನ್ನು ಹುಡುಕಿದರೆ, ಏನೂ ತೊಂದರೆಯಿಲ್ಲದವರ ಬಾಯಲ್ಲಿ, ಕರುಳಲ್ಲಿ, ಯೋನಿಯಲ್ಲೂ ಅದು ಸಿಗುತ್ತಿತ್ತು. ಆರೋಗ್ಯವಂತರಲ್ಲಿ ಸುಮಾರು ಅರ್ಧದಷ್ಟು ಜನರ ಬಾಯಲ್ಲಿ ಕ್ಯಾಂಡಿಡಾ ಇರುತ್ತದೆ ಎನ್ನುವುದು ಈಗಿನ ಅಂದಾಜು. ಬಹಳಷ್ಟು ಜನರಿಗೆ ಅದು ಎಳವೆಯಲ್ಲೇ ಬಂದು ಸೇರಿಕೊಂಡು, ಬದುಕಿನುದ್ದಕ್ಕೂ ಬಾಡಿಗೆ ಕೊಡದ ಬಾಡಿಗೆದಾರನಂತೆ ಇದ್ದುಬಿಡುತ್ತದೆ. ಬೀಜ ಮೊದಲಿಂದಲೇ ನೆಲದಲ್ಲಿದೆ ಎಂದಮೇಲೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅರ್ಥ ಕಡಿಮೆ. ಈಗ ಯಾಕೆ ಮೊಳೆಯಿತು ಎಂದು ಕೇಳಬೇಕು.

ವೈದ್ಯರಿಗೆ ಇದು ಚೆನ್ನಾಗಿ ಅರ್ಥವಾದದ್ದು ಅವರ ಕೈಯಾರೆ ಆದ ಒಂದು ಅನುಭವದಿಂದ. 1940ರ ದಶಕದಲ್ಲಿ ಪೆನಿಸಿಲಿನ್ ಬಂತು, ಹಿಂದೆಯೇ ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಒಟ್ಟಿಗೆ ಕೊಲ್ಲುವ ಔಷಧಗಳು ಬಂದವು. ನ್ಯುಮೋನಿಯಾ ವಾಸಿಯಾದ ರೋಗಿಯ ಬಾಯಲ್ಲಿ, ಗುಪ್ತಾಂಗದಲ್ಲಿ ಬಿಳಿ ಪದರ ಕಾಣಿಸಿಕೊಳ್ಳತೊಡಗಿತು. 1950ರ ದಶಕದ ಆರಂಭದ ವೈದ್ಯಪತ್ರಿಕೆಗಳಲ್ಲಿ ಇಂಥ ವರದಿಗಳು ಸಾಲಾಗಿ ಬಂದಿವೆ. ಯೋನಿಯಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾಗಳಿರುತ್ತವೆ. ಅವು ಆಮ್ಲ ಉತ್ಪಾದಿಸುತ್ತವೆ, ಜಾಗ ಹಿಡಿದಿರುತ್ತವೆ, ಬೇರೆಯವಕ್ಕೆ ಬೆಳೆಯಲು ಬಿಡುವುದಿಲ್ಲ. ರೋಗಾಣುವಿಗೆಂದು ಕೊಟ್ಟ ಔಷಧ ಈ ಕಾವಲಿನವರನ್ನೂ ಕೊಲ್ಲುತ್ತದೆ. ಯೀಸ್ಟ್ ಬ್ಯಾಕ್ಟೀರಿಯಾ ಅಲ್ಲವಾದ್ದರಿಂದ ಅದಕ್ಕೇನೂ ಆಗುವುದಿಲ್ಲ. ಪೈರನ್ನೆಲ್ಲ ಕಿತ್ತ ಹೊಲದಲ್ಲಿ ಕಳೆ ಏಳುವ ಹಾಗೆ ಅದು ಎದ್ದು ನಿಲ್ಲುತ್ತದೆ.

ಇದಕ್ಕೆ ಮದ್ದು ಹುಡುಕಿದವರೂ ಇಬ್ಬರು ಹೆಂಗಸರೇ. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಎಲಿಜಬೆತ್ ಹೇಜನ್ ನ್ಯೂಯಾರ್ಕ್ ನಗರದಲ್ಲಿದ್ದಳು, ರಸಾಯನತಜ್ಞೆ ರೇಚಲ್ ಬ್ರೌನ್ ಆಲ್ಬನಿಯಲ್ಲಿದ್ದಳು. ಹೇಜನ್ ಬೇರೆ ಬೇರೆ ಕಡೆಯ ಮಣ್ಣು ತರಿಸಿ, ಅದರಲ್ಲಿನ ಜೀವಿಗಳನ್ನು ಬೆಳೆಸಿ, ಶಿಲೀಂಧ್ರವನ್ನು ತಡೆಯುವಂಥದ್ದು ಕಂಡರೆ ಗಾಜಿನ ಜಾಡಿಯಲ್ಲಿ ತುಂಬಿ ಅಂಚೆಯಲ್ಲಿ ಬ್ರೌನ್‌ಗೆ ಕಳಿಸುತ್ತಿದ್ದಳು. ಬ್ರೌನ್ ಅದರಲ್ಲಿನ ಸತ್ವವನ್ನು ಬೇರ್ಪಡಿಸಿ ಅಂಚೆಯಲ್ಲೇ ಮರಳಿಸುತ್ತಿದ್ದಳು. ವರ್ಜೀನಿಯಾದಲ್ಲಿ ಹೇಜನ್‌ಳ ಸ್ನೇಹಿತರ ಹೈನುಗಾರಿಕೆ ತೋಟದ ಮಣ್ಣಿನಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿತು. 1950ರಲ್ಲಿ ಪ್ರಕಟಿಸಿದರು. ನ್ಯೂಯಾರ್ಕ್ ಸ್ಟೇಟ್ ಎಂಬ ಹೆಸರಿನಿಂದ ಆ ಔಷಧಕ್ಕೆ ನಿಸ್ಟಾಟಿನ್ ಎಂಬ ಹೆಸರು ಬಂತು. ಅದರಿಂದ ಬಂದ ಒಂದು ಕೋಟಿ ಮೂವತ್ತು ಲಕ್ಷ ಡಾಲರಿಗೂ ಹೆಚ್ಚಿನ ಗೌರವಧನವನ್ನು ಇಬ್ಬರೂ ತಮಗಿಟ್ಟುಕೊಳ್ಳದೆ ಸಂಶೋಧನೆಗೆ ಕೊಟ್ಟರು. 1966ರಲ್ಲಿ ಫ್ಲಾರೆನ್ಸ್ ನಗರ ಪ್ರವಾಹದಲ್ಲಿ ಮುಳುಗಿದಾಗ ಹಳೆಯ ಚಿತ್ರಗಳ ಮೇಲಿನ ಬೂಷ್ಟು ತಡೆಯಲೂ ಇದನ್ನು ಬಳಸಿದರು.

ಮದ್ದು ಬಂತು, ಆದರೆ ಮದ್ದಿನಿಂದ ನೆಲ ಸರಿಹೋಗುವುದಿಲ್ಲ. ಇದನ್ನು ಎಲ್ಲಕ್ಕಿಂತ ಕಠೋರವಾಗಿ ಹೇಳಿದ್ದು ಏಡ್ಸ್. 1981ರ ಜೂನ್ 5ರಂದು ಅಮೆರಿಕದ ಸರ್ಕಾರಿ ಆರೋಗ್ಯ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸಿನ ಐವರು ಯುವಕರ ಅಪರೂಪದ ನ್ಯುಮೋನಿಯಾ ಬಗ್ಗೆ ಒಂದು ಸಣ್ಣ ವರದಿ ಬಂತು. ಏಡ್ಸ್ ಚರಿತ್ರೆ ಶುರುವಾಗುವುದು ಆ ವರದಿಯಿಂದ. ಆ ಐವರಿಗೂ ಕ್ಯಾಂಡಿಡಾ ಸೋಂಕು ಇತ್ತು. ನಮ್ಮಲ್ಲಿ 1986ರಲ್ಲಿ ಚೆನ್ನೈನಲ್ಲಿ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಎಚ್‌ಐವಿಯನ್ನು ಮೊದಲಿಗೆ ಪತ್ತೆಹಚ್ಚಿದರು. ಆ ವರ್ಷಗಳಲ್ಲಿ ಬಾಯೊಳಗಿನ ಬಿಳಿ ಪದರ ಎಷ್ಟೋ ರೋಗಿಗಳಿಗೆ ಮೊದಲ ಸುಳಿವಾಗಿತ್ತು. ಮೈಯ ರಕ್ಷಣೆ ಒಳಗೊಳಗೇ ಕುಸಿಯುತ್ತಿದೆ ಎಂದು ಯೀಸ್ಟ್ ಮೊದಲೇ ಸಾರುತ್ತಿತ್ತು. ಜನ ಮಾತ್ರ ಆಗಲೂ ಕೇಳಿದ್ದು ಅದೇ ಪ್ರಶ್ನೆ, ಯಾರಿಂದ ಬಂತು ಎಂದು. ಆ ಪ್ರಶ್ನೆಗೆ ಸಿಕ್ಕಿದವರು ಮನೆ, ಕೆಲಸ, ಕೆಲವೊಮ್ಮೆ ಸುಡುಗಾಡಿನ ಜಾಗವನ್ನೂ ಕಳೆದುಕೊಂಡರು.

ಅದೇ ದಶಕದಲ್ಲಿ ಅಮೆರಿಕದಲ್ಲಿ ಇನ್ನೊಂದು ತುದಿಯ ತಪ್ಪೂ ನಡೆಯಿತು. ಆಯಾಸ, ತಲೆನೋವು, ಬೇಸರ, ಮರೆವು ಎಲ್ಲಕ್ಕೂ ಕರುಳಿನ ಯೀಸ್ಟೇ ಕಾರಣ ಎನ್ನುವ ಪುಸ್ತಕಗಳು ಲಕ್ಷಗಟ್ಟಲೆ ಮಾರಾಟವಾದವು. 1986ರಲ್ಲಿ ಅಲ್ಲಿನ ಅಲರ್ಜಿ ತಜ್ಞರ ಸಂಸ್ಥೆ ಇದಕ್ಕೆ ಆಧಾರವಿಲ್ಲ ಎಂದಿತು. 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಂಥ ತೊಂದರೆಗಳಿದ್ದ ಹೆಂಗಸರಿಗೆ ನಿಸ್ಟಾಟಿನ್ ಕೊಟ್ಟು ನೋಡಿದರು. ಯೋನಿಯ ತೊಂದರೆ ಕಡಿಮೆಯಾಯಿತು, ಉಳಿದ ಆಯಾಸ, ಬೇಸರಗಳಲ್ಲಿ ಹುಸಿ ಮಾತ್ರೆಗಿಂತ ಅದು ಮೇಲೇನೂ ಆಗಲಿಲ್ಲ. ಈಗ ಆ ವಾದವೇ ಹೊಸ ಅಂಗಿ ತೊಟ್ಟು 'ಕ್ಯಾಂಡಿಡಾ ಡಯಟ್' ಎಂದು ನಮ್ಮ ಮೊಬೈಲುಗಳಿಗೂ ಬಂದಿದೆ.

ಹಾಗಾದರೆ ಇಂದು ತಿಳಿದಿರುವುದೇನು? ಈ ಯೀಸ್ಟ್‌ಗೆ ಎರಡು ರೂಪಗಳಿವೆ. ದುಂಡನೆಯ ಕಾಳಿನಂಥದ್ದು ಒಂದು, ಉದ್ದನೆಯ ಎಳೆಯಂಥದ್ದು ಇನ್ನೊಂದು. ಕಾಳಾಗಿದ್ದಾಗ ಬಹುಮಟ್ಟಿಗೆ ಸುಮ್ಮನಿರುತ್ತದೆ. ಅನುಕೂಲ ಸಿಕ್ಕಾಗ ಎಳೆ ಬಿಟ್ಟು ಚರ್ಮದ ಒಳಪದರಕ್ಕೆ ತೂರುತ್ತದೆ. ಆ ಎಳೆಗಳು ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನು ಸುರಿಸಿ ಜೀವಕೋಶಗಳಿಗೆ ಗಾಯ ಮಾಡುತ್ತವೆ ಎಂದು 2016ರಲ್ಲಿ ಗೊತ್ತಾಯಿತು. ಅನುಕೂಲಗಳ ಪಟ್ಟಿಯಲ್ಲಿ ನಮ್ಮ ದಿನನಿತ್ಯದ ಸಂಗತಿಗಳೇ ಇವೆ: ಆ್ಯಂಟಿಬಯೋಟಿಕ್, ಸ್ಟೀರಾಯ್ಡ್, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಬಸಿರು, ಈಸ್ಟ್ರೋಜನ್ ಹಾರ್ಮೋನಿನ ಏರಿಕೆ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಬಗೆಯ ಹೊಸ ಸಕ್ಕರೆ ಮಾತ್ರೆಗಳಿಂದಲೂ ಇದು ಹೆಚ್ಚಬಹುದು. ಮುಕ್ಕಾಲು ಪಾಲು ಹೆಂಗಸರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ಬರುತ್ತದೆ ಎನ್ನುತ್ತಾರೆ. ಇದನ್ನು ವೈದ್ಯರು ಲೈಂಗಿಕ ರೋಗವೆಂದು ಎಣಿಸುವುದಿಲ್ಲ. ಕೊಳಕಿನ ಗುರುತೂ ಅಲ್ಲ. ಸೋಪು ಹಾಕಿ ಒಳಗೆಲ್ಲ ತಿಕ್ಕಿ ತೊಳೆದರೆ ಉಪಕಾರಿ ಬ್ಯಾಕ್ಟೀರಿಯಾಗಳಿಗೇ ಪೆಟ್ಟು. ಹಾಗೆಂದು ಬಿಳುಪು ಹೋಗುವುದೆಲ್ಲ ಯೀಸ್ಟೂ ಅಲ್ಲ. ಸ್ವಲ್ಪ ಬಿಳುಪು ಸಹಜ, ಬೇರೆ ಸೋಂಕುಗಳಲ್ಲೂ ಬಿಳುಪು ಹೆಚ್ಚುತ್ತದೆ, ಅವುಗಳ ಮದ್ದೇ ಬೇರೆ. ಪರೀಕ್ಷೆ ಮಾಡದೆ ಹೇಳಲಾಗುವುದಿಲ್ಲ.

ಬೀಜದ ಪ್ರಶ್ನೆ ಪೂರ್ತಿ ಮುಗಿದಿದೆ ಎಂದೂ ಹೇಳಲಾರೆ. 2009ರಲ್ಲಿ ಜಪಾನಿನಲ್ಲಿ ಒಬ್ಬ ರೋಗಿಯ ಕಿವಿಯಿಂದ ಗುರುತಿಸಿದ ಕ್ಯಾಂಡಿಡಾ ಆರಿಸ್ ಎಂಬುದು ಆಸ್ಪತ್ರೆಗಳ ಒಳಗೆ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಹಲವು ಔಷಧಗಳಿಗೆ ಜಗ್ಗುವುದಿಲ್ಲ. ಭಾರತದ ಐಸಿಯುಗಳಲ್ಲೂ ಇದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅತಿ ಅಪಾಯದ ಶಿಲೀಂಧ್ರಗಳ ಪಟ್ಟಿ ಮಾಡಿದಾಗ ಮೊದಲ ಸಾಲಿನ ನಾಲ್ಕರಲ್ಲಿ ಇದೂ ಇತ್ತು, ನಮ್ಮ ಹಳೆಯ ಆಲ್ಬಿಕಾನ್ಸೂ ಇತ್ತು. ಅಲ್ಲಿ ಎಲ್ಲಿಂದ ಬಂತು ಎಂದು ಕೇಳಲೇಬೇಕು. ಆದರೆ ಕೇಳಬೇಕಾದದ್ದು ಆಸ್ಪತ್ರೆಯ ಮಂಚವನ್ನು, ತೊಳೆಯದ ಕೈಯನ್ನು.

ಚಿಕ್ಕಮ್ಮನನ್ನು ಯುಗಾದಿಯ ಮೂರನೇ ದಿನ ತಾಲ್ಲೂಕು ಕೇಂದ್ರದ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಸ್ರಾವವನ್ನು ಪರೀಕ್ಷೆಗೆ ಕಳಿಸಿದರು, ಜತೆಗೆ ರಕ್ತದ ಸಕ್ಕರೆಯನ್ನೂ ನೋಡಿಸಿದರು. ಯೀಸ್ಟ್ ಹೌದು. ಖಾಲಿ ಹೊಟ್ಟೆಯ ಸಕ್ಕರೆ 212. ಎಷ್ಟು ಕಾಲದಿಂದ ಹೀಗಿತ್ತೋ, ಯಾರೂ ನೋಡಿರಲಿಲ್ಲ. ಮೆಡಿಕಲ್ ಶಾಪಿನ ಮುಲಾಮಿನ ಟ್ಯೂಬನ್ನು ತೋರಿಸಿದಾಗ ಡಾಕ್ಟರು ಅದರ ಮೇಲಿನ ಸಣ್ಣಕ್ಷರ ಓದಿ ಪಕ್ಕಕ್ಕಿಟ್ಟರು. ಫಂಗಸ್ ಕೊಲ್ಲುವ ಔಷಧದ ಜತೆ ಅದರಲ್ಲಿ ಸ್ಟೀರಾಯ್ಡೂ ಇತ್ತು. ತುರಿಕೆ ನಾಲ್ಕು ದಿನ ನಿಲ್ಲುತ್ತಿದ್ದುದು, ಮತ್ತೆ ಬರುತ್ತಿದ್ದುದು ಯಾಕೆ ಎಂದು ಆಗ ತಿಳಿಯಿತು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಚಿಕ್ಕಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೆ ಯಾರಿಂದ್ಲೂ ಅಲ್ಲ" ಅಂದರು. "ಅಲ್ಲ ಚಿಕ್ಕಮ್ಮ" ಅಂದೆ. ಇನ್ನೂ ಸ್ವಲ್ಪ ದೂರ ಹೋದಮೇಲೆ, "ಎರಡು ವರ್ಷ ಸುಮ್ಮನೆ ಉಪ್ಪಿನಕಾಯಿ ಬಿಟ್ಟೆ ಕಣೆ. ದಿನಕ್ಕೆ ನಾಲ್ಕು ಲೋಟ ಕಾಫಿ ಮಾತ್ರ ಎರಡೆರಡು ಚಮಚ ಸಕ್ಕರೆ ಹಾಕ್ಕೊಂಡು ಕುಡೀತಿದ್ದೆ" ಎಂದು ನಕ್ಕರು. ಅಂದು ರಾತ್ರಿ ಚಿಕ್ಕಪ್ಪನಿಗೆ ಎಲ್ಲ ಹೇಳಿದರಂತೆ. ಅವರೂ ಮಾರನೇ ವಾರ ಸಕ್ಕರೆ ಪರೀಕ್ಷೆ ಮಾಡಿಸಿಕೊಂಡರು.

ಹೋದ ತಿಂಗಳು ಚಿಕ್ಕಮ್ಮ ಫೋನ್ ಮಾಡಿದ್ದರು. ತುರಿಕೆ ಹೋಗಿದೆ, ಮಾತ್ರೆ ನಡೆಯುತ್ತಿದೆ, ಕಾಫಿಗೆ ಸಕ್ಕರೆ ಇಲ್ಲ. ಸಂಘದ ಮೀಟಿಂಗಿನಲ್ಲಿ ಪಕ್ಕದ ಬೀದಿಯ ಒಬ್ಬರಿಗೆ ಈ ವಿಷಯ ಹೇಳಿದರಂತೆ. ಅವರಿಗೂ ಮೂರು ವರ್ಷದಿಂದ ಬಿಳುಪು. "ಅವಳಿಗೆ ಶುಗರ್ ಇಲ್ವಂತೆ ಕಣೆ. ಡಾಕ್ಟರು ಅವಳದ್ದು ಯೀಸ್ಟೇ ಅಲ್ಲ, ಬೇರೆ ಸೋಂಕು ಅಂದ್ರಂತೆ. ಇನ್ನಿಬ್ಬರು ಕೇಳ್ತಾ ಇದ್ದಾರೆ. ದೀಪಾವಳಿಗೆ ಬರ್ತೀಯಲ್ಲ, ಒಂದು ದಿನ ಜಾಸ್ತಿ ಇರು" ಅಂದರು.